ಗೋಡೆಯ ಸಂತನಿಗೆ ನಾನು ಹಾಕಿದ ಹಾರ

ಡಬ್ಲಿನ್

ಐರ್ಲೆಂಡಿಗೆ ಹೋದವರು ಹಸಿರು ಗುಡ್ಡ, ಕಡಲ ಬಂಡೆ, ಕುರಿಮಂದೆ ನೋಡಿ ಬರುತ್ತಾರಂತೆ. ನಾನು ನೋಡಿದ್ದು ಒಂದು ಕೋಣೆ, ಒಂದು ಹಿತ್ತಲು, ಒಂದು ನದಿ. ಅದರಲ್ಲೂ ಕೋಣೆಯನ್ನೇ ಹೆಚ್ಚು ನೋಡಿದೆ. ಆದರೂ ಅಷ್ಟು ಖುಷಿಯಾಗಿ ಬೇರೆಲ್ಲೂ ಇದ್ದದ್ದು ನೆನಪಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನದು ಬೀದರಿನಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ದೇವರು, ದೊಡ್ಡವರು, ತೀರಿಕೊಂಡ ತಂದೆತಾಯಿ, ಹೊಸದಾಗಿ ಮದುವೆಯಾದವರು, ಎಲ್ಲರೂ ಒಂದಲ್ಲ ಒಂದು ದಿನ ನನ್ನ ಮೇಜಿನ ಮೇಲೆ ಮಲಗಿ ಎದ್ದು ಹೋದವರೇ. ಇಂಥವನು ವಿಮಾನ ಹತ್ತಿದ್ದು ತಂಗಿ ಸುನಂದಾಳ ಮಗಳು ಮೇಘಾಳ ಸಲುವಾಗಿ. ಬೆಂಗಳೂರಲ್ಲಿ ಬೆಳೆದ ಹುಡುಗಿ ಅತ್ಲೋನ್ ಎಂಬ ಊರಿನಲ್ಲಿ ಎಂ.ಎಸ್ಸಿ. ಓದಿ, ಡಬ್ಲಿನ್ನಿನ ಸ್ಯಾಂಡಿಫರ್ಡ್‌ನಲ್ಲಿ ಕೆಲಸಕ್ಕೆ ಸೇರಿದ್ದಳು. ಓದುವಾಗಲೇ ಹರ್ಮನ್ ಎಂಬ ಸಿಖ್ ಹುಡುಗನನ್ನು ಮೆಚ್ಚಿಕೊಂಡಿದ್ದಳು. ತಂಗಿ ಅಳುಕುತ್ತಲೇ ನನಗೆ ಫೋನು ಮಾಡಿದಾಗ, "ಗುರುದ್ವಾರದ ಬಾಜೂಕೇ ಅಂಗಡಿ ಇಟ್ಟಾವ ನಾನು. ಪೇಟಾ ನೋಡಿ ಹೆದರ್ತೀನೇನು?" ಎಂದುಬಿಟ್ಟೆ.

ಮದುವೆ ಮಾರ್ಚ್ ಕೊನೆಗೆ ಎಂದು ಗೊತ್ತಾಯಿತು. ಸೋದರಮಾವ ಕೈ ಹಿಡಿದು ಕರೆತರದೆ ನಮ್ಮಲ್ಲಿ ಹೆಣ್ಣು ಹಸೆಗೆ ಬರುವುದುಂಟೇ? ನಾನು ಮೊದಲು ಹೋಗುವುದು, ತಂಗಿ ಮತ್ತು ಅವಳ ಗಂಡ ಹಿಂದಿನಿಂದ ಬರುವುದು ಎಂದು ಮಾತಾಯಿತು. ಹಿಂದಿನಿಂದ ಬಂದದ್ದು ಕೊರೊನಾ.

ನಾನು ಇಳಿದ ಮಾರನೆಯ ದಿನವೇ ಆರೋಗ್ಯ ಇಲಾಖೆಯ ಹೆಣ್ಣುಮಗಳೊಬ್ಬಳು ಫೋನು ಮಾಡಿದಳು. ನನ್ನ ಇಂಗ್ಲಿಷು ಬೀದರ್ ಕೋಟೆಯ ತೋಪಿನ ಹಾಗೆ. ನೋಡಲು ದೊಡ್ಡದು, ಹಾರುವುದಿಲ್ಲ. ಆಕೆ ನಾಲ್ಕು ಸಲ 'ಸಾರಿ' ಹೇಳಿದ್ದಷ್ಟೇ ತಿಳಿಯಿತು. ಫೋನನ್ನು ಮೇಘಾಳ ಕೈಗೆ ಕೊಟ್ಟೆ.

"ಮಾಮ, ಫ್ಲೈಟಲ್ಲಿ ನಿಮ್ಮ ಹಿಂದಿನ ಸೀಟಲ್ಲಿದ್ದವ್ರಿಗೆ ಪಾಸಿಟಿವ್ ಅಂತೆ. ಎರಡು ವಾರ ನೀವು ರೂಮ್ ಬಿಟ್ಟು ಹೊರಗೆ ಬರೋ ಹಾಗಿಲ್ಲ" ಎಂದಳು.

"ಯಾವ ರೂಮವಾ?" ಎಂದೆ. ಅವಳದು ಮೂವರು ಗೆಳತಿಯರ ಜೊತೆ ಹಂಚಿಕೊಂಡ ಮನೆ. ನನಗೆ ಸಿಕ್ಕಿದ್ದು ಸೋಫಾ. ಅಷ್ಟರಲ್ಲಿ ಆ ಹುಡುಗಿಯರು "ನೋ ಬಾದರ್, ಯು ಆರ್ ಗ್ರ್ಯಾಂಡ್" ಎಂದು ನನಗೆ ಧೈರ್ಯ ಹೇಳುತ್ತಲೇ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ನಗುನಗುತ್ತಾ ಬಾಗಿಲು ಹಾಕುವ ಈ ವಿದ್ಯೆ ನಮ್ಮವರಿಗೆ ಬಾರದು. ನಮ್ಮವರಾಗಿದ್ದರೆ ಮೊದಲು ಜಗಳ, ಆಮೇಲೆ ಬಾಗಿಲು.

ಸಂಜೆ ಹರ್ಮನ್ ಕಾರು ತಂದ. ಅತ್ಲೋನಿನಲ್ಲಿ ಅವನ ತಾತನ ಮನೆಯ ಮುಂದಿನ ಕೋಣೆ ಖಾಲಿ ಇದೆ, ಅಲ್ಲಿರಬಹುದು ಎಂದ. ಕಿಟಕಿ ಗಾಜೆಲ್ಲ ಇಳಿಸಿ, ನನ್ನನ್ನು ಹಿಂದಿನ ಸೀಟಿಗೆ ಕೂರಿಸಿ ಹೊರಟ. ಮದುವೆಯಾಗಲಿರುವ ಹುಡುಗಿಯ ಮಾವ ಮಫ್ಲರಿನೊಳಗೆ ಗಡಗಡ ನಡುಗುತ್ತಾ ಬೀಗರ ಮನೆ ತಲುಪಿದ.

ಅತ್ಲೋನ್, ಮುಂದಿನ ಕೋಣೆ

ಅಲ್ಲಿ ಮನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ಸಾಲಾಗಿ ನಿಂತಿವೆ. ರಸ್ತೆಯಿಂದ ಬಾಗಿಲು ತೆರೆದರೆ ನೇರ ಮುಂದಿನ ಕೋಣೆ, ಅದರಾಚೆ ಮಹಡಿ ಮೆಟ್ಟಿಲಿರುವ ಅಡುಗೆಮನೆ, ಅದರಾಚೆ ಹಿತ್ತಲು. ಪ್ರತಿ ಮನೆಯಲ್ಲೂ ಮುಂದಿನ ಕೋಣೆ ಪಾದ್ರಿಗಳು ಬಂದಾಗ, ಯಾರಾದರೂ ಸತ್ತಾಗ ಮಾತ್ರ ಬಳಕೆಯಾಗುವುದು ಅಲ್ಲಿನ ವಾಡಿಕೆಯಂತೆ. ನನಗೆ ಅಲ್ಲೊಂದು ಹಾಸಿಗೆ ಹಾಕಿದರು.

ಮಲಗಿ ತಲೆಯೆತ್ತಿದೆ. ಎದುರು ಗೋಡೆಯಿಂದ ಒಬ್ಬರು ನನ್ನನ್ನೇ ನೋಡುತ್ತಿದ್ದರು. ನೀಲಿ ಪೇಟ, ಕಪ್ಪು ಗಡ್ಡ, ಎದೆಗೆ ಅಡ್ಡಲಾಗಿ ಗುಂಡಿನ ಪಟ್ಟಿ, ಕೈಯಲ್ಲೊಂದು ಲೋಹದ ಬಾಣ.

ಎಂಬತ್ತರ ದಶಕದಲ್ಲಿ ಪೇಪರು ಓದಿದವರಿಗೆ ಆ ಮುಖದ ಪರಿಚಯ ಬೇಕಿಲ್ಲ. ಪಂಜಾಬಿನ ಊರೂರು ತಿರುಗಿ ಹುಡುಗರಿಗೆ ಹೆಂಡ, ಅಮಲು ಬಿಡಿಸಿದ ಧರ್ಮಬೋಧಕ. ಆಮೇಲೆ ಬಂದೂಕಿನವರನ್ನು ಕಟ್ಟಿಕೊಂಡು ಪವಿತ್ರ ಮಂದಿರದ ಆವರಣದಲ್ಲಿ ಕೂತವರು. ಕೊನೆಗೆ ಸೈನ್ಯ ನುಗ್ಗಿದಾಗ ಅಲ್ಲೇ ಸತ್ತವರು. ಆ ಸಾವಿನ ಹಿಂದೆಮುಂದೆ ಎರಡೂ ಕಡೆ ಎಷ್ಟು ಹೆಣ ಬಿದ್ದವೋ, ಎಷ್ಟು ಮನೆ ಬರಿದಾದವೋ. ಒಬ್ಬರಿಗೆ ವೀರ, ಇನ್ನೊಬ್ಬರಿಗೆ ಉಗ್ರ. ನಾನಿಲ್ಲಿ ಹೆಸರು ಬರೆಯುವುದಿಲ್ಲ. ಆ ಮನೆಯಲ್ಲೂ ಯಾರೂ ಹೆಸರು ಹೇಳುತ್ತಿರಲಿಲ್ಲ. ಹರ್ಮನ್‌ನ ತಾತ 'ಸಂತಜೀ' ಎನ್ನುತ್ತಿದ್ದರು. ಹರ್ಮನ್‌ನ ತಾಯಿ ಜಸ್ಬೀರ್ 'ಗೋಡೆಯ ಮೇಲಿನವನು' ಎನ್ನುತ್ತಿದ್ದರು.

ನನಗೆ ಚಿತ್ರಕ್ಕಿಂತ ಅದರ ಕಟ್ಟು ಹೆಚ್ಚು ಕಿರಿಕಿರಿ ಮಾಡಿತು. ಒಂದು ಕಡೆಗೆ ವಾಲಿದೆ, ಗಾಜಿನೊಳಗೆ ತೇವ ಹೊಕ್ಕು ಮೂಲೆಯೆಲ್ಲ ಕಲೆ. ಯಾವ ಪುಣ್ಯಾತ್ಮ ಮಾಡಿದ ಕೆಲಸವೋ. ಎರಡು ವಾರ ಆ ವಾಲಿದ ಚೌಕಟ್ಟು ನೋಡುತ್ತಾ ಮಲಗುವುದು ನನ್ನಂಥವನಿಗೆ ಕಠಿಣ ಶಿಕ್ಷೆ.

ಮರುದಿನ ಬೆಳಿಗ್ಗೆ ಯಾರೋ ಕಿಟಕಿ ತಟ್ಟಿದರು. ಪರದೆ ಸರಿಸಿದರೆ ಎದೆ ಮುಚ್ಚುವ ಬಿಳಿ ಗಡ್ಡದ ಅಜ್ಜ ಫುಟ್‌ಪಾತಿನ ಮೇಲೆ ನಿಂತಿದ್ದಾರೆ. ಮನೆಯವರೆಲ್ಲ 'ದಾರ್ಜಿ' ಎಂದು ಕರೆಯುವ ಹರ್ಮನ್‌ನ ತಾತ. ಬಹಳ ಹಿಂದೆ ಪಂಜಾಬಿನಿಂದ ಬಂದು ಇಲ್ಲಿನ ಬಟ್ಟೆ ಗಿರಣಿಯಲ್ಲಿ ದುಡಿದವರು.

"ನಿಜವಾಗಲೂ ಬೀದರಿನವರಾ?" ಎಂದು ಗಾಜಿನಾಚೆಯಿಂದ ಹಿಂದಿಯಲ್ಲಿ ಕೂಗಿದರು. ನಮ್ಮೆಲ್ಲರ ಮಾತುಕತೆ ನಡೆದದ್ದು ಹಿಂದಿಯಲ್ಲೇ. ನನ್ನದು ಬೀದರಿನ ದಖ್ಖನಿ. ನಾನು 'ಬೇಡ' ಎನ್ನಲು 'ನಕ್ಕೋ' ಎಂದಾಗಲೆಲ್ಲ ಜಸ್ಬೀರ್ ಅಡುಗೆಮನೆಯಲ್ಲಿ ನಗುತ್ತಿದ್ದದ್ದು ಕೇಳಿಸುತ್ತಿತ್ತು.

ಹೌದೆಂದು ತಲೆಯಾಡಿಸಿದೆ. ಅಜ್ಜ ಅಲ್ಲೇ, ಮಳೆಹನಿಯಲ್ಲೇ, ಕೈಜೋಡಿಸಿ ಬಗ್ಗಿಬಿಟ್ಟರು. ಅವರ ಮೊದಲ ಗುರು ಕಾಲಿಟ್ಟಲ್ಲಿ ಸಿಹಿನೀರು ಉಕ್ಕಿದ ಊರು ನಮ್ಮದು. ಸಿಖ್ಖರ ಖಾಲ್ಸಾ ಪಂಥ ಹುಟ್ಟಿದಾಗ ತಲೆ ಕೊಡಲು ಎದ್ದುನಿಂತ ಐವರಲ್ಲಿ ಒಬ್ಬರು ನಮ್ಮ ಊರಿನವರು. ನನಗೋ ಆ ಝರಿ ಎಂದರೆ ಮಧ್ಯಾಹ್ನ ಡಬ್ಬಿ ತರದ ದಿನ ಗುರುದ್ವಾರದ ಊಟಶಾಲೆ ಲಂಗರಿನ ದಾಲ್ ಉಂಡು ಕೈತೊಳೆಯುವ ಜಾಗ. ಅಂದಿನಿಂದ ಅಜ್ಜ ದಿನವೂ ಬೆಳಿಗ್ಗೆ ಕಿಟಕಿಯಾಚೆ ಹಾಜರು. ನೀರು ಹೇಗಿದೆ, ಮೆಟ್ಟಿಲು ಹೇಗಿವೆ, ಬೇಸಿಗೆಯಲ್ಲಿ ಬತ್ತುತ್ತದೆಯೇ. ಹಿತ್ತಲ ಗಿಡದ ಹಾಗೆ ಕಡೆಗಣಿಸಿದ್ದ ನಮ್ಮೂರಿನ ಬಗ್ಗೆ ನನಗೇ ಹೆಮ್ಮೆ ಹುಟ್ಟಿಸಿದವರು ದಾರ್ಜಿ. ಒಮ್ಮೊಮ್ಮೆ ಉತ್ತರ ಗೊತ್ತಿಲ್ಲದೆ ಸುಳ್ಳೂ ಹೇಳಿದೆ.

ಊಟ ಹೊಸಿಲಿಗೇ ಬರುತ್ತಿತ್ತು. ಜಸ್ಬೀರ್ ಅಡುಗೆಮನೆಯ ಬಾಗಿಲು ಚೂರು ತೆರೆದು, ಹೊಸಿಲಾಚೆಯಿಂದ ಕೈಚಾಚಿ ತಟ್ಟೆ ಇಟ್ಟು, "ಭಾಯಿಸಾಬ್, ತಣ್ಣಗಾಗುವ ಮೊದಲು ತಿನ್ನಿ" ಎನ್ನುತ್ತಿದ್ದರು. ಪರೋಟದ ಮೇಲೆ ಬೆಣ್ಣೆ ಕೂತಿರುತ್ತಿತ್ತು. ರೋಗದ ಭಯದಲ್ಲೂ ಎಷ್ಟು ಮರ್ಯಾದೆ ಎಂದು ಮೆಚ್ಚಿಕೊಂಡೆ. ಆ ವಾರದಲ್ಲೇ ದೇಶಕ್ಕೆಲ್ಲ ಬೀಗ ಬಿತ್ತು. ಗುರುದ್ವಾರ ಮುಚ್ಚಿತು, ವಿಮಾನ ನಿಂತವು, ಮದುವೆ ಮುಂದಕ್ಕೆ ಹೋಯಿತು. ಬೀಗರ ಮನೆಯಲ್ಲಿ ನೆಂಟರು ಮೂರು ದಿನಕ್ಕೆ ಹಳಸುತ್ತಾರೆ ಎನ್ನುತ್ತಾರೆ. ನಾನು ಬೇಸಿಗೆಯವರೆಗೂ ಉಳಿದೆ.

ಅತ್ಲೋನ್, ಹಿಂದಿನ ಬಾಗಿಲು

ಎರಡು ವಾರ ಮುಗಿದ ದಿನ ನಾನು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಕೋಣೆಯ ಬಾಗಿಲು ಪೂರ್ತಿ ತೆರೆದು, "ಇನ್ನು ಒಳಗೆ ಬರಬಹುದು ತಂಗೀ" ಎಂದು ಕೂಗಿದೆ. ಜಸ್ಬೀರ್ ಹೊಸಿಲ ಹತ್ತಿರ ಬಂದು, ತಟ್ಟೆ ನೆಲದ ಮೇಲಿಟ್ಟು ಹಿಂದೆ ಸರಿದರು. ನನಗೆ ಕೊಂಚ ಅವಮಾನವೇ ಆಯಿತು.

ಹರ್ಮನ್ ಆಗ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಡಬ್ಲಿನ್ನಿನ ಗ್ರ್ಯಾಂಡ್ ಕೆನಾಲ್ ಡಾಕ್‌ನ ಅವನ ಆಫೀಸು ಮಹಡಿಯ ಮಂಚದ ಮೇಲೆ ಬಂದು ಕೂತಿತ್ತು. ಅವನನ್ನು ಹಿತ್ತಲಿಗೆ ಕರೆದು ಕೇಳಿದೆ.

"ನಿಮ್ಮಿಂದಲ್ಲ ಅಂಕಲ್" ಎಂದ. "ಅಮ್ಮ ಆ ರೂಮಿಗೆ ಯಾವತ್ತೂ ಹೋಗಲ್ಲ. ನಾನು ಹುಟ್ಟೋಕೆ ಮುಂಚಿನಿಂದ ಹಾಗೇ. ಮನೆಗೆ ಬರೋದು, ಹೋಗೋದು ಎಲ್ಲ ಹಿಂದಿನ ಬಾಗಿಲಿಂದ."

ಜಸ್ಬೀರ್ ಅವರ ಅಣ್ಣ ಪಂಜಾಬಿನ ಹಳ್ಳಿಯೊಂದರಲ್ಲಿ ಮೇಷ್ಟ್ರು. ಗುರುದ್ವಾರದಲ್ಲಿ ಬಂದೂಕಿಗೆ ಜಾಗವಿಲ್ಲ ಎಂದು ಜನರೆದುರು ಹೇಳಿದ್ದರಂತೆ. ಗೋಡೆಯ ಮೇಲಿನವನ ಹೆಸರು ಹೇಳಿಕೊಂಡು ಬಂದವರು ಶಾಲೆಯ ಬಾಗಿಲಲ್ಲೇ ಅವರಿಗೆ ಗುಂಡು ಹೊಡೆದರು. ಆಮೇಲೆ ಮದುವೆಯಾಗಿ ಬಂದ ಮನೆಯಲ್ಲಿ ಮೊದಲು ಕಂಡದ್ದು ಆ ಚಿತ್ರ. ತೆಗೆಯಿರಿ ಎಂದು ಸೊಸೆ ಕೇಳಿದಳು, ಆಗುವುದಿಲ್ಲ ಎಂದು ಮಾವ ಹೇಳಿದರು. ಅಂದಿನಿಂದ ಮಾವನಿಗೆ ಹೊತ್ತುಹೊತ್ತಿಗೆ ರೊಟ್ಟಿ, ಔಷಧಿ, ಒಗೆದ ಬಟ್ಟೆ ಎಲ್ಲ ಸಿಗುತ್ತಿತ್ತು. ಮಾತು ಮಾತ್ರ ಇಲ್ಲ. ಹರ್ಮನ್‌ನ ತಂದೆ ಯುರೋಪಿಗೆ ಲಾರಿ ಓಡಿಸುವವರು. ಈ ಜಗಳಕ್ಕೆ ಅವರು ಕಂಡುಕೊಂಡ ಪರಿಹಾರ ರಸ್ತೆಯಲ್ಲಿರುವುದು.

ಇದು ನನ್ನ ತಲೆಗೆ ಸುತ್ತಿಕೊಂಡದ್ದು ಬೇಸಿಗೆ ಹತ್ತಿರವಾದಾಗ. ಸರ್ಕಾರ ಬೀಗ ಸಡಿಲಿಸಿತು, ಜುಲೈಯಲ್ಲಿ ಕೆಲವೇ ಜನರ ಮದುವೆ ಆಗಬಹುದು ಎಂದಾಯಿತು. ಬೆಳಿಗ್ಗೆ ಡಬ್ಲಿನ್ನಿನ ಗುರುದ್ವಾರ, ಮಧ್ಯಾಹ್ನ ಈ ಮನೆಯಲ್ಲಿ ಊಟ. ಅವರ ಪದ್ಧತಿಯಲ್ಲಿ ಸೊಸೆ ಮನೆ ಹೊಗುವಾಗ ಅತ್ತೆ ಒಳಗಡೆ ಹೊಸಿಲಲ್ಲಿ ನಿಂತು, ತಂಬಿಗೆ ನೀರನ್ನು ಮಗ-ಸೊಸೆಯ ತಲೆಯ ಸುತ್ತ ನಿವಾಳಿಸಿ, ಒಂದೊಂದು ಸುತ್ತಿಗೂ ಒಂದೊಂದು ಗುಟುಕು ತಾನೇ ಕುಡಿಯಬೇಕು. ಮಕ್ಕಳ ಮೇಲೆ ಬರುವ ಕೇಡನ್ನೆಲ್ಲ ತಾಯಿ ಕುಡಿದುಬಿಡುವುದು. ನಮ್ಮಲ್ಲಿ ಆರತಿ ನಿವಾಳಿಸಿ ನೀರನ್ನು ಬೀದಿಗೆ ಚೆಲ್ಲುತ್ತೇವೆ. ಇವರ ಹೆಂಗಸರು ನಮ್ಮವರಿಗಿಂತ ಗಟ್ಟಿಗರು.

ಆದರೆ ಹೊಸಿಲಲ್ಲಿ ನಿಲ್ಲಬೇಕಾದ ಅತ್ತೆ ಆ ಕೋಣೆಗೇ ಬರುವುದಿಲ್ಲವಲ್ಲ!

"ಪರವಾಗಿಲ್ಲ ಮಾಮ, ನಾನು ಹಿಂದಿನ ಬಾಗಿಲಿಂದಾನೇ ಹೋಗ್ತೀನಿ. ಇಟ್ಸ್ ಗ್ರ್ಯಾಂಡ್" ಎಂದಳು ಮೇಘಾ ಫೋನಿನಲ್ಲಿ.

"ಏನ್ ಗ್ರ್ಯಾಂಡವಾ? ನಮ್ ಹುಡ್ಗಿ ಮದ್ವಿ ಸೀರಿ ಉಟ್ಕೊಂಡು ಕಸದ್ ಡಬ್ಬಿ ಬಾಜೂಕಿಂದ ಅತ್ತಿ ಮನಿ ಹೊಗ್ಬೇಕಾ? ನಿಮ್ಮವ್ವಗ ನಾ ಏನಂತ ಮಕಾ ತೋರಿಸ್ಲಿ? ಆಗಂಗಿಲ್ಲ ನೋಡು."

ರೇಗಿ ಹೇಳಿದೆನಾದರೂ ನನ್ನ ಕೈಯಲ್ಲಿ ಏನಿತ್ತು? ಅಣ್ಣನನ್ನು ಕಳೆದುಕೊಂಡ ಹೆಂಗಸಿಗೆ 'ಒಳಗೆ ಬನ್ನಿ' ಎನ್ನುವುದು ಹೇಗೆ? ಎಂಬತ್ತು ದಾಟಿದ ಅಜ್ಜನಿಗೆ 'ಚಿತ್ರ ಇಳಿಸಿ' ಎನ್ನುವುದು ಹೇಗೆ? ತಂಗಿ ದಿನವೂ ವಿಡಿಯೊದಲ್ಲಿ ಬಂದು, "ಅಣ್ಣಾ, ನಾವಂತೂ ಬರೋಕಾಗಲ್ಲ. ನನ್ನ ಮಗಳನ್ನ ಮರ್ಯಾದೆಯಿಂದ ಮನೆ ತುಂಬಿಸಿ ಬಾ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು "ಆಗಲಿ" ಎನ್ನುತ್ತಿದ್ದೆ.

ನೋರಾಳ ಕಾಂಪೌಂಡು

ಜೂನ್ ತಿಂಗಳ ಒಂದು ಬೆಳಿಗ್ಗೆ ಇನ್ನು ತಡೆಯಲಾರದೆ ವಾಲಿದ ಚೌಕಟ್ಟನ್ನು ನೇರ ಮಾಡಲು ಕೈ ಹಾಕಿದೆ. ಹಳೇ ದಾರ ಪಟ್ಟೆಂದಿತು. ಸಂತರು ಗೋಡೆಯಿಂದ ಇಳಿದು ನನ್ನ ಕಾಲ ಬಳಿ ಚೂರುಚೂರಾದರು. ಚಿತ್ರಕ್ಕೆ ಏನೂ ಆಗಿರಲಿಲ್ಲ. ಗಾಜು, ಚೌಕಟ್ಟು ಎರಡೂ ಹೋದವು.

ದಾರ್ಜಿ ಓಡಿಬಂದರು. ಗಾಜನ್ನು ನೋಡಿದರು, ನನ್ನನ್ನು ನೋಡಿದರು. "ನೀವು ಕಟ್ಟು ಹಾಕುವವರಲ್ಲವೇ? ಹಾಕಿ" ಎಂದಷ್ಟೇ ಹೇಳಿ ಪೊರಕೆ ತಂದು ಕೊಟ್ಟರು.

ಸುದ್ದಿ ಕೇಳಿ ಮೇಘಾಗೆ ಆಸೆ ಹುಟ್ಟಿತು. "ಮಾಮ, ನಿಧಾನಕ್ಕೆ ಮಾಡಿ. ಮದುವೆ ಆದ್ಮೇಲೆ ಮುಗೀಲಿ." ಉಪಾಯ ಚೆನ್ನಾಗಿತ್ತು. ಹೊಲಿಗೆಯವರ ನಾಳೆ, ಅಕ್ಕಸಾಲಿಗರ ನಾಡಿದ್ದು ಎಂಬುದು ನನಗೇನು ಗೊತ್ತಿಲ್ಲವೇ? ಆದರೆ ದಾರ್ಜಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಖಾಲಿ ಗೋಡೆ ನೋಡಿ, ಏನೂ ಕೇಳದೆ ಹೋಗುತ್ತಿದ್ದರು. ಆ ಕೇಳದಿರುವುದೇ ನನ್ನನ್ನು ಕೊಂದಿತು.

ಚೌಕಟ್ಟು ಕೊಟ್ಟವಳು ಪಕ್ಕದ ಮನೆಯ ನೋರಾ. ಎಪ್ಪತ್ತು ದಾಟಿದ ಒಂಟಿ ಹೆಂಗಸು. ಲಾಕ್‌ಡೌನ್ ಉದ್ದಕ್ಕೂ ಹಿತ್ತಲ ಕಾಂಪೌಂಡಿನಾಚೆ ಕುರ್ಚಿ ಹಾಕಿ, ಮಳೆ ಬಂದರೆ ಕೊಡೆ ಹಿಡಿದು, ನನ್ನ ಜೊತೆ ಹರಟಿದವಳು. ಅವಳ ಇಂಗ್ಲಿಷು ನನಗೆ, ನನ್ನದು ಅವಳಿಗೆ ಅರ್ಧರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಹರ್ಮನ್ ತುಂಬುತ್ತಿದ್ದ. ಹಳೇ ಶೆಡ್ಡಿನಿಂದ ಅವಳು ತಂದದ್ದು ಗಾಜಿನ ಸಮೇತ ಕಪ್ಪು ಮರದ ಗಟ್ಟಿ ಚೌಕಟ್ಟು. ಒಳಗೆ ಚಿತ್ರವಿರಲಿಲ್ಲ.

"ಇದರಲ್ಲಿ ಯಾರಿದ್ದರು?" ಎಂದೆ.

"ನಮ್ಮ ಬಂಡಾಯದ ನಾಯಕನೊಬ್ಬ. ಅಪ್ಪನ ಪಾಲಿಗೆ ದೇವರು. ಅಮ್ಮನ ಅಣ್ಣಂದಿರ ಪಾಲಿಗೆ ಕೊಲೆಗಾರ. ಅವರು ಚಹಾಕ್ಕೆ ಬಂದಾಗಲೆಲ್ಲ ಅಮ್ಮ ಚಿತ್ರವನ್ನು ಗೋಡೆಗೆ ಮುಖಮಾಡಿ ತಿರುಗಿಸುತ್ತಿದ್ದಳು. ಅವರು ಹೋದ ಮೇಲೆ ಅಪ್ಪ ಮತ್ತೆ ತಿರುಗಿಸುತ್ತಿದ್ದ."

"ಕೊನೆಗೇನಾಯಿತು?"

"ಇಬ್ಬರೂ ಸತ್ತರು. ಚಿತ್ರ ನಿನಗಿರಲಿ, ನನಗೆ ಬೇಡ ಅಂತ ಮಕ್ಕಳು ಜಗಳ ಆಡಿದೆವು, ಅದು ಎಲ್ಲಿ ಹೋಯಿತೋ. ನಿನಗೆ ಚೌಕಟ್ಟು ಸಿಕ್ಕಿತಲ್ಲ, ಗ್ರ್ಯಾಂಡ್!" ಎಂದು ಹೊಟ್ಟೆ ಹಿಡಿದು ನಕ್ಕಳು.

ನನಗೂ ನಗು ಬಂತು. ಹಂಚದೆ ಉಳಿದ ಮದುವೆಯ ಕಾರ್ಡುಗಳ ದಪ್ಪ ಪೆಟ್ಟಿಗೆ ಕತ್ತರಿಸಿ ಚಿತ್ರದ ಸುತ್ತ ಅಂಚು ಕೂರಿಸಿದೆ. ಕಲೆ ಒರೆಸಿದೆ, ಮೊಳೆ ಹೊಡೆದೆ. ಐರಿಷ್ ಬಂಡುಕೋರನ ಚೌಕಟ್ಟಿನಲ್ಲಿ ಪಂಜಾಬಿನ ಸಂತರು ಅಳತೆ ತೆಗೆದಂತೆ ಕೂತರು. ಕೆಲಸ ಅಂದರೆ ಕೆಲಸ. ಅಷ್ಟು ಚೆನ್ನಾಗಿ ಬಂದಿತ್ತು.

ಹಾರ

ಇಲ್ಲಿ ನನ್ನ ಅಂಗಡಿಯ ಒಂದು ಪದ್ಧತಿ ಹೇಳಬೇಕು. ತೀರಿಕೊಂಡವರ ಫೋಟೊ ನನ್ನಲ್ಲಿಂದ ಬರಿಗೊರಳಲ್ಲಿ ಹೋಗುವುದಿಲ್ಲ. ಗಂಧದ ಚಕ್ಕೆಯ ಹಾರ ಹಾಕಿ, ಒಮ್ಮೆ ಕೈಮುಗಿದು, ಆಮೇಲೆ ಗಿರಾಕಿಯ ಕೈಗೆ. ನಮ್ಮಪ್ಪನ ಕಾಲದಿಂದ ಬಂದದ್ದು. ಹಾರ ಹಾಕುವಾಗ ನಾನು ಯೋಚಿಸುವುದೂ ಇಲ್ಲ, ಕೈ ತಾನೇ ಹಾಕಿಬಿಡುತ್ತದೆ.

ಬೀಗರಿಗೆ ಮರ್ಯಾದೆ ಮಾಡಲೆಂದು ಒಂದಷ್ಟು ಗಂಧದ ಹಾರ ಪೆಟ್ಟಿಗೆಯಲ್ಲಿ ತಂದಿದ್ದೆ. ಚಿತ್ರ ಗೋಡೆಗೇರಿತು, ಕೈ ತಾನೇ ಪೆಟ್ಟಿಗೆ ತೆರೆಯಿತು, ಹಾರ ಬಿತ್ತು. ಕೈಮುಗಿದು, "ದಾರ್ಜಿ, ಬನ್ನಿ" ಎಂದು ಹೆಮ್ಮೆಯಿಂದ ಕರೆದೆ.

ದಾರ್ಜಿ ನಗುತ್ತಾ ಬಂದವರು ನಡುಕೋಣೆಯಲ್ಲಿ ನಿಂತುಬಿಟ್ಟರು.

"ಹಾರ ಯಾರು ಹಾಕಿದ್ದು?"

"ನಾನೇ. ತೀರಿಕೊಂಡವರಿಗೆ ನಮ್ಮಲ್ಲಿ..."

"ತೀರಿಕೊಂಡರು ಅಂತ ನಿಮಗೆ ಯಾರು ಹೇಳಿದರು?"

ಅಷ್ಟು ವರ್ಷದ ಹಿಂದಿನ ಸಾವು, ಜಗತ್ತೇ ಬಲ್ಲ ಸಾವು. ಆದರೆ ಸಂತ ಸತ್ತಿಲ್ಲ, ತಪ್ಪಿಸಿಕೊಂಡಿದ್ದಾರೆ, ಒಂದು ದಿನ ಬಂದೇ ಬರುತ್ತಾರೆ ಎಂದು ಬಹಳ ಕಾಲ ನಂಬಿದವರಿದ್ದರೆಂದು ಹರ್ಮನ್ ಆಮೇಲೆ ಹೇಳಿದ. ಅವನ ತಾತ ಅವರಲ್ಲೊಬ್ಬರು. ಆ ಮನೆಯಲ್ಲಿ ಚಿತ್ರದ ಬಗ್ಗೆ ಎಷ್ಟೇ ಜಗಳವಾದರೂ 'ಸತ್ತ' ಎಂಬ ಮಾತನ್ನು ಯಾರೂ ಅವರೆದುರು ಆಡಿರಲಿಲ್ಲವಂತೆ. ನಾನು ಬಂದು ಗಂಧದಲ್ಲಿ ಬರೆದು ತೂಗುಹಾಕಿದ್ದೆ.

"ನನ್ನ ಮನೆಯಲ್ಲಿ ಸಾವಿನ ಹಾರ ಹಾಕಿದಿರಿ. ಈ ಮನೆಯಲ್ಲಿ ಮದುವೆಯ ಊಟ ಬೇಡ, ನಾನೂ ಬರುವುದಿಲ್ಲ" ಎಂದು ಕೂಗಿ ಮಹಡಿ ಹತ್ತಿ ಬಾಗಿಲು ಹಾಕಿಕೊಂಡರು. ಗದ್ದಲ ಕೇಳಿ ಜಸ್ಬೀರ್ ಅಡುಗೆಮನೆಯ ಹೊಸಿಲವರೆಗೆ ಬಂದಿದ್ದರು. ಅಲ್ಲಿಂದಲೇ ಹಾರವನ್ನು ಬಹಳ ಹೊತ್ತು ನೋಡಿದರು.

"ನನ್ನ ಅಣ್ಣ ಸತ್ತ ಅಂತ ಎಲ್ಲರೂ ಸಲೀಸಾಗಿ ಹೇಳಿಬಿಡುತ್ತಾರೆ ಭಾಯಿಸಾಬ್. ಇವನು ಸತ್ತ ಅಂತ ಈ ಮನೆಯಲ್ಲಿ ಹೇಳಿದ್ದು ನೀವೊಬ್ಬರೇ" ಎಂದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ.

ಒಂದು ಬಾಗಿಲಿನ ಸಮಸ್ಯೆಯಿತ್ತು, ನಾನು ಇಡೀ ಮದುವೆಯನ್ನೇ ಕೆಡಿಸಿ ಕೂತೆ. ಇದ್ದದ್ದನ್ನೂ ಕಳೆದುಕೊಂಡ ಜಾಣ ಎಂದು ನನ್ನನ್ನು ನಾನೇ ಬೈದುಕೊಂಡೆ. ತಂಗಿಯ ಫೋನು ಬಂದಾಗ ನೆಟ್‌ವರ್ಕ್ ಇಲ್ಲವೆಂದು ಸುಳ್ಳು ಹೇಳಿದೆ.

ನದಿಯ ದಂಡೆ

ಅತ್ಲೋನಿನ ನಡುವೆ ಶಾನನ್ ನದಿ ಹರಿಯುತ್ತದೆ. ದಂಡೆಯಲ್ಲೊಂದು ಹಳೇ ಕೋಟೆ, ಗಿಡ್ಡ, ದುಂಡಗೆ. ನಮ್ಮ ಕೋಟೆಯ ಒಂದು ಬುರುಜಿನಷ್ಟೂ ಇಲ್ಲ. ಆದರೆ ನಮ್ಮ ಕೋಟೆಗೆ ಅಷ್ಟು ನೀರಿಲ್ಲ, ಹಂಸಗಳಿಲ್ಲ. ಮೂರನೆಯ ದಿನ ದಾರ್ಜಿ ಕೋಲು ಹಿಡಿದು ಅತ್ತ ಹೊರಟದ್ದು ಕಂಡು ಹಿಂದೆಯೇ ಹೋದೆ. ಎದುರು ಬಂದವರೆಲ್ಲ ನನಗೆ "ಲವ್ಲಿ ಡೇ" ಎಂದರು. 'ಎಲ್ಲಿಯ ಲವ್ಲಿ' ಎಂದುಕೊಂಡೆ.

ಅವರು ಕೂತ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. "ತಪ್ಪಾಯಿತು ದಾರ್ಜಿ. ಹಾರ ತೆಗೆದಿದ್ದೇನೆ" ಎಂದೆ.

ಹಂಸವೊಂದು ಬಂದು ತಿನ್ನಲು ಏನಾದರೂ ಇದೆಯೇ ಎಂದು ನೋಡಿ ಹೋಯಿತು. ಆಮೇಲೆ ಅವರು ಮಾತಾಡಿದರು.

"ನನಗೊಬ್ಬ ತಮ್ಮನಿದ್ದ. ಗಡ್ಡ ಇತ್ತು, ವಯಸ್ಸಿತ್ತು, ಅಷ್ಟೇ ಅವನ ತಪ್ಪು. ಪೊಲೀಸರು ಮನೆಯಿಂದ ಕರೆದುಕೊಂಡು ಹೋದರು. ಹೆಣವನ್ನೂ ಕೊಡಲಿಲ್ಲ. ನಾನಿಲ್ಲಿ ಗಿರಣಿಯಲ್ಲಿದ್ದೆ. ಸಂತಜೀ ಸತ್ತಿಲ್ಲ, ಬರುತ್ತಾರೆ ಅಂತ ಊರಿನವರು ಹೇಳುತ್ತಿದ್ದರು. ಅವರು ಬರುವುದಾದರೆ ನನ್ನ ತಮ್ಮನೂ ಬರಬಹುದಲ್ಲ? ಹಾಗೆ ಅಂದುಕೊಂಡೇ ಇಷ್ಟು ವರ್ಷ ಕಳೆದೆ. ನಮ್ಮ ಪರವಾಗಿ ಎದೆಯೆತ್ತಿ ಮಾತಾಡಿದವರು ಅವರೊಬ್ಬರೇ ಅಂತ ಈಗಲೂ ಅನ್ನುತ್ತೇನೆ. ಆದರೆ ಗೋಡೆ ನೋಡುತ್ತಾ ನಾನು ಕಾದದ್ದು ನನ್ನ ತಮ್ಮನನ್ನು. ನೀವು ಹಾರ ಹಾಕಿದ್ದು ಅವನ ಕೊರಳಿಗೆ."

"ಅವರ ಫೋಟೊ ಇದೆಯಾ?" ಎಂದೆ. ಕಟ್ಟು ಹಾಕುವವನ ಬಾಯಲ್ಲಿ ಬೇರೇನು ಬಂದೀತು?

ದಾರ್ಜಿ ಕೋಟಿನ ಒಳಜೇಬಿನಿಂದ ಪ್ಲಾಸ್ಟಿಕ್ ಸುತ್ತಿದ ಚಿಕ್ಕ ಫೋಟೊ ತೆಗೆದರು. ಸೈಕಲ್ ಹಿಡಿದು ನಿಂತ, ಇನ್ನೂ ಗಡ್ಡ ತುಂಬದ ಹುಡುಗ. "ದೊಡ್ಡದು ಮಾಡಿಸಿ ಕಟ್ಟು ಹಾಕಿ" ಎಂದರು. ಫೋಟೊ ನನ್ನ ಕೈಗಿಟ್ಟು, "ಹಾರದ ಸಮೇತ" ಎಂದರು. ಆಮೇಲೆ ಅತ್ತರು. ನಾನೂ ಅತ್ತೆ. "ಲವ್ಲಿ ಡೇ" ಎನ್ನಲು ಬಂದ ಹೆಂಗಸೊಬ್ಬಳು ಬೇಕರಿಯ ಪೊಟ್ಟಣದಿಂದ ಎರಡು ಬನ್ನು ತೆಗೆದು ಬೆಂಚಿನ ಮೇಲಿಟ್ಟು ಸುಮ್ಮನೆ ಹೋದಳು.

ಏಳುವಾಗ ದಾರ್ಜಿ ಹೇಳಿದರು: "ಜಸ್ಬೀರಳ ಹತ್ತಿರ ಅವಳ ಅಣ್ಣನ ಫೋಟೊ ಇರಬೇಕು. ನೀವು ಕೇಳಿ. ಅವನು ಸತ್ತದ್ದಕ್ಕೆ ಅವಳಿಗೆ ನಾನು ಒಂದು ಸಮಾಧಾನದ ಮಾತೂ ಆಡಲಿಲ್ಲ. ನಾನು ಕೇಳಿದರೆ ಕೊಡುವುದಿಲ್ಲ."

ಕೇಳಿದೆ. ಜಸ್ಬೀರ್ ಹಿಟ್ಟು ನಾದುತ್ತಲೇ, "ಬೇಕಾದವರು ಬಂದು ಕೇಳಲಿ" ಎಂದರು.

ಅದನ್ನು ಹೋಗಿ ಹೇಳಿದೆ. ಮನೆಯೊಳಗಿಂದ ಅಡುಗೆಮನೆಗೆ ನಾಲ್ಕೇ ಹೆಜ್ಜೆ. ಆದರೆ ದಾರ್ಜಿ ಪೇಟ ಬಿಚ್ಚಿ ಹೊಸದಾಗಿ ಕಟ್ಟಿಕೊಂಡು, ಮುಂದಿನ ಬಾಗಿಲಿಂದ ಹೊರಬಿದ್ದು, ಬೀದಿ ಸುತ್ತಿ, ಹಿಂದಿನ ಓಣಿಗೆ ಹೋಗಿ, ಕಸದ ಡಬ್ಬಿಗಳ ನಡುವೆ ಕೋಲೂರಿಕೊಂಡು ಬಂದು ಸೊಸೆಯ ಬಾಗಿಲು ತಟ್ಟಿದರು. ನಾನು ಹಿತ್ತಲಲ್ಲಿ ನಿಂತಿದ್ದೆ. ಕಾಂಪೌಂಡಿನಾಚೆ ನೋರಾ ಹೆಣಿಗೆ ಕೈಬಿಟ್ಟು ನೋಡುತ್ತಿದ್ದಳು. ಏನು ಮಾತಾಯಿತೋ ಕೇಳಿಸಲಿಲ್ಲ, ಪಂಜಾಬಿಯಲ್ಲಿತ್ತು. ಬಹಳ ಹೊತ್ತಿನ ಮೇಲೆ ಜಸ್ಬೀರ್ ಹೊರಬಂದು ಹಿಟ್ಟಿನ ಕೈಯಲ್ಲೇ ಒಂದು ಫೋಟೊ ಕೊಟ್ಟರು. ಕನ್ನಡಕದ ಮೇಷ್ಟ್ರು, ಜೇಬಿನಲ್ಲಿ ಪೆನ್ನು.

"ಗೋಡೆಯ ಮೇಲಿನವನನ್ನು ನಾನು ಕ್ಷಮಿಸಿಲ್ಲ. ಅದು ಬೇರೆ ವಿಷಯ" ಎಂದರು.

"ನಾನೂ ಅವರನ್ನು ಬಿಟ್ಟಿಲ್ಲ" ಎಂದರು ದಾರ್ಜಿ ಒಳಗಿನಿಂದ. ಅವರ ಬಾಯಲ್ಲಿ ಆಗಲೇ ರೊಟ್ಟಿ ಇತ್ತು. ಅಂದು ಸಂಜೆ ಸಂತರು ಐರಿಷ್ ಚೌಕಟ್ಟಿನ ಸಮೇತ ಮಹಡಿಯ ಮೇಲೆ ದಾರ್ಜಿಯ ಮಲಗುವ ಕೋಣೆಗೆ ಹೋದರು. ಫೋಟೊ ದೊಡ್ಡದು ಮಾಡಿಸಿ, ಕಟ್ಟು, ಹಾರ ಹಾಕಿದ ಮೇಲೆ ಮುಂದಿನ ಕೋಣೆಯ ಗೋಡೆಗೆ ತಮ್ಮ ಮತ್ತು ಅಣ್ಣ, ಸೈಕಲ್ ಹುಡುಗ ಮತ್ತು ಕನ್ನಡಕದ ಮೇಷ್ಟ್ರು, ಅಕ್ಕಪಕ್ಕ ಬಂದರು.

ಮತ್ತೆ ಡಬ್ಲಿನ್, ಮತ್ತೆ ಅತ್ಲೋನ್

ಮದುವೆಯ ಬೆಳಿಗ್ಗೆ ಗುರುದ್ವಾರದಲ್ಲಿ ಬೆರಳೆಣಿಕೆಯ ಜನ, ಎಲ್ಲರ ಮುಖಕ್ಕೂ ಮಾಸ್ಕು. ಮೇಘಾ ಅವರಮ್ಮನ ಧಾರೆ ಸೀರೆ ಉಟ್ಟಿದ್ದಳು. ನಾನು ಕೈ ಹಿಡಿದು ಕರೆದುಕೊಂಡು ಬಂದೆ. ಮಂಟಪವಿಲ್ಲ, ಅಂತರಪಟವಿಲ್ಲ, ನನ್ನ ಕಣ್ಣೀರಿಗೆ ಮಾತ್ರ ಕೊರತೆಯಿರಲಿಲ್ಲ. ಮಾಸ್ಕು ಒದ್ದೆಯಾಗಿ ಉಸಿರಾಡಲು ಕಷ್ಟವಾಯಿತು. ನೋರಾ ದುಪಟ್ಟಾ ಹೊದ್ದು ಕೂತು ಎಲ್ಲರಿಗಿಂತ ಮೊದಲು ತಲೆಬಾಗಿದಳು. ರಾತ್ರಿಯೆಲ್ಲ ಲಾರಿ ಓಡಿಸಿ ಬಂದ ಹರ್ಮನ್‌ನ ತಂದೆ ಕೂತಲ್ಲೇ ತೂಕಡಿಸಿದರು.

ನಾನು, ದಾರ್ಜಿ, ನೋರಾ ಒಂದೇ ಕಾರಿನಲ್ಲಿ ಮುಂಚೆಯೇ ಅತ್ಲೋನಿಗೆ ವಾಪಸಾದೆವು. ಫೋಟೊ ಕೊಟ್ಟರು, ನಿಜ. ಆದರೆ ಒಳಗೆ ಬರುತ್ತೇನೆಂದು ಜಸ್ಬೀರ್ ಎಲ್ಲೂ ಹೇಳಿರಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ. ಅವರು ಗುರುದ್ವಾರದಿಂದ ಎಲ್ಲರಿಗಿಂತ ಮೊದಲೇ ಹೊರಟು, ಹಿಂದಿನ ಬಾಗಿಲಿಂದ ಅಡುಗೆಮನೆ ಸೇರಿದ್ದರು.

ಮದುಮಕ್ಕಳ ಕಾರು ಮುಂದಿನ ಬಾಗಿಲಿಗೆ ಬಂದು ನಿಂತಿತು. ನಾನು ಬಾಗಿಲ ಹೊರಗೆ ಫೋನು ಎತ್ತಿ ಹಿಡಿದೆ. ಬೆಂಗಳೂರಿನಲ್ಲಿ ತಂಗಿಯ ಮನೆ ಮಂದಿಯೆಲ್ಲ ಆ ಪರದೆಯೊಳಗೆ ಇಣುಕುತ್ತಿತ್ತು. ಮೇಘಾ ಹೊಸಿಲ ಹೊರಗೆ ನಿಂತಳು. ಕೋಣೆ ಖಾಲಿ. ಅವಳು ನನ್ನ ಮುಖ ನೋಡಿದಳು. ನಾನು ಅಡುಗೆಮನೆಯ ಬಾಗಿಲು ನೋಡಿದೆ.

ಬಾಗಿಲು ತೆರೆಯಿತು. ಜಸ್ಬೀರ್ ಕೆಂಪು ಸಲ್ವಾರ್ ತೊಟ್ಟು, ಎರಡೂ ಕೈಯಲ್ಲಿ ನೀರಿನ ತಂಬಿಗೆ ಹಿಡಿದು, ಆ ಕೋಣೆಯೊಳಗೆ ಕಾಲಿಟ್ಟರು. ಗೋಡೆಯ ಮುಂದೆ ನಿಂತು ಅಣ್ಣನ ಫೋಟೊ ನೋಡಿದರು, ಸೈಕಲ್ ಹುಡುಗನನ್ನೂ ನೋಡಿದರು. ಸೀದಾ ಹೊಸಿಲಿಗೆ ಬಂದು ಮಗ-ಸೊಸೆಯ ತಲೆಯ ಮೇಲೆ ತಂಬಿಗೆ ಎತ್ತಿದವರು ಹಾಗೇ ತಡೆದರು.

"ದಾರ್ಜಿ, ನೀವೂ ಬನ್ನಿ. ಇವರ ಪಕ್ಕ ನಿಲ್ಲಿ" ಎಂದರು.

ಅಜ್ಜ ಫುಟ್‌ಪಾತಿನಲ್ಲಿ ನನ್ನ ಹಿಂದೆ ನಿಂತಿದ್ದರು. ಬಂದು ಮೊಮ್ಮಗನ ಪಕ್ಕ ನಿಂತು, ಸೊಸೆಗೆ ಎಟುಕಲೆಂದು ಪೇಟದ ತಲೆ ಬಗ್ಗಿಸಿದರು. ಜಸ್ಬೀರ್ ತೋಳನ್ನು ಅಗಲಿಸಿ ಮೂವರ ತಲೆಯನ್ನೂ ಸೇರಿಸಿ ನೀರು ನಿವಾಳಿಸಿದರು. ತಂಬಿಗೆ ತುಟಿಗಿಟ್ಟು ಕುಡಿದರು. ಮತ್ತೆ ನಿವಾಳಿಸಿದರು, ಮತ್ತೆ ಕುಡಿದರು. ಸಾಕಮ್ಮ ಎಂದು ಹರ್ಮನ್ ತಂಬಿಗೆ ಹಿಡಿದು ತಡೆಯುವುದು ಪದ್ಧತಿ. ಅವನು ತಡೆದ. ಅವರು ಬಿಡಲಿಲ್ಲ, ತಳದ ಹನಿಯವರೆಗೂ ಕುಡಿದರು.

"ಅಣ್ಣಾ, ಫೋನು ಅಲ್ಲಾಡಿಸ್ಬೇಡ, ಏನೂ ಕಾಣಿಸ್ತಿಲ್ಲ!" ಎಂದು ಬೆಂಗಳೂರಿನಿಂದ ತಂಗಿ ಕೂಗುತ್ತಿದ್ದಳು. ಕಣ್ಣೊರೆಸಿಕೊಂಡು ಫೋನನ್ನು ನನ್ನ ಮುಖಕ್ಕೆ ತಿರುಗಿಸಿದೆ.

"ಒಳಗ ಹೋದಳವಾ" ಎಂದೆ. "ಮುಂದಿನ್ ಬಾಗಿಲಿಂದನ ಹೋದಳು. ಎಲ್ಲಾರೂ ಹೋದರು."